ಹಾಲಜೋಳದ ಅಕ್ಕಾರು

ಹುನಗುಂದದ ಕೋರ್ಟಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣಲಿಲ್ಲ. ಒಳಗಿನ ಗುಮಾಸ್ತರಿಂದ ಹಿಡಿದು ಹೊರಗೆ ಚಹಾ ಮಾರುವವನವರೆಗೆ ಎಲ್ಲರಿಗೂ ಅವರು ಅಕ್ಕಾರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ಅವರು ಮೊದಲ ಸಲ ಕೋರ್ಟಿಗೆ ಬಂದ ದಿನ ಬಾಗಿಲಲ್ಲಿದ್ದ ಪಟ್ಟೇವಾಲಾ ತಡೆದು, "ಅಕ್ಕಾರ, ಸಾಲಿ ಆ ಕಡೆ ಐತ್ರಿ" ಎಂದಿದ್ದನಂತೆ. "ಗೊತ್ತೈತಪಾ, ಅಲ್ಲಿ ಪಾಸಾಗೇ ಇಲ್ಲಿಗೆ ಬಂದೀನಿ" ಎಂದು ಇವರು ಒಳಗೆ ನಡೆದರಂತೆ. ಕರೆದ ಹೆಸರು ಹಾಗೇ ಉಳಿಯಿತು.

ಕಳೆದ ತಿಂಗಳು ಇಳಕಲ್ಲಿನಲ್ಲಿ ಅವರು ತೀರಿಕೊಂಡರು. ವಕೀಲರ ಸಂಘದ ಸಂತಾಪ ಸಭೆಯಲ್ಲಿ ಎದ್ದು ನಿಂತವರೆಲ್ಲ ಸರಳತೆ, ಪ್ರಾಮಾಣಿಕತೆ ಎಂದು ಮಾತಾಡಿದರು. ಸುಳ್ಳಲ್ಲ. ಆದರೆ ಅದನ್ನು ಸತ್ತವರೆಲ್ಲರ ಬಗ್ಗೆಯೂ ಹೇಳುತ್ತೇವೆ. ತೊಂಬತ್ತರ ದಶಕದ ಕೊನೆಗೆ ನಾನು ಕೆರೂರಿನಿಂದ ಬಂದು ಅವರ ಹತ್ತಿರ ಜೂನಿಯರ್ ಆಗಿ ಸೇರಿದೆ. ಬಾಗಲಕೋಟೆಗೆ ಹೋಗಿ ಸ್ವಂತ ಆಫೀಸು ತೆರೆಯುವವರೆಗೂ ಅಲ್ಲೇ ಇದ್ದೆ. ನನ್ನ ಕಣ್ಣಿಗೆ ಬರುವ ಅಕ್ಕಾರು ಆ ಸಭೆಯಲ್ಲಿ ಇರಲಿಲ್ಲ.

ಅವರು ಇಳಕಲ್ಲಿನ ನೇಕಾರರ ಮನೆಯವರು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೋರ್ಟಿಗೆ ಬಿಳಿ ಸೀರೆಯನ್ನೇ ಉಡುತ್ತಿದ್ದರು. ಕಕ್ಷಿದಾರ ಹೆಣ್ಣುಮಕ್ಕಳು ಎದುರು ಕೂತರೆ ಮಾತು ಶುರುಮಾಡುವ ಮೊದಲು ಅವರ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. "ಕೈಮಗ್ಗದ್ದು. ಚಲೋ ಐತಿ" ಎನ್ನುವರು, ಇಲ್ಲವೇ ಸುಮ್ಮನೆ ಬಿಟ್ಟುಬಿಡುವರು. ಬಂದ ಹೆಣ್ಣುಮಗಳ ಹೆದರಿಕೆ ಅಷ್ಟರಲ್ಲಿ ಅರ್ಧ ಇಳಿದಿರುತ್ತಿತ್ತು.

ಕೇಸು ಕೇಳುವ ಅವರ ರೀತಿಯೇ ಬೇರೆ. ಕಕ್ಷಿದಾರರು ಅಜ್ಜನ ಕಾಲದಿಂದ ಕತೆ ತೆಗೆದರೆ ಕೈ ಅಡ್ಡ ಹಿಡಿಯುತ್ತಿದ್ದರು. "ಹಿಂದಿನಿಂದ ಹೇಳ್ರಿ. ಇವತ್ತು ಇಲ್ಲಿಗೆ ಯಾಕ ಬಂದ್ರಿ? ಅದರ ಹಿಂದಿನ ದಿನ ಏನಾತು? ಅದಕ್ಕೂ ಮದಲ?" ಸುಳ್ಳು ಹೇಳುವವನು ಮುಂದಿನಿಂದ ಎಷ್ಟು ಸಲ ಬೇಕಾದರೂ ಒಂದೇ ಥರ ಹೇಳುತ್ತಾನೆ, ಹಿಂದಿನಿಂದ ಹೇಳುವಾಗ ಮುಗ್ಗರಿಸುತ್ತಾನೆ ಎಂಬುದು ಅವರ ನಂಬಿಕೆ. ನನ್ನ ರಜೆಯ ಕಾರಣಗಳನ್ನೂ ಹೀಗೇ ಕೇಳುತ್ತಿದ್ದರು.

ಆಗ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯನ್ನು ನುಂಗುತ್ತಿದ್ದ ಕಾಲ. ಜಿಲ್ಲೆಯ ವಕೀಲರೆಲ್ಲ ಪರಿಹಾರದ ಕೇಸುಗಳಲ್ಲಿ ಮುಳುಗಿದ್ದರು. ಅಕ್ಕಾರೂ ಕೆಲವನ್ನು ನಡೆಸಿದರು. ಆದರೆ ಮನಸ್ಸು ಅಲ್ಲಿರಲಿಲ್ಲ. ಅವರಿಗೆ ಹೊಸ ಕಾಯ್ದೆಗಳ ಹುಚ್ಚು. ಹುಬ್ಬಳ್ಳಿಗೆ ಹೋದಾಗೆಲ್ಲ ತೆಳ್ಳನೆಯ ಕಾಯ್ದೆ ಪುಸ್ತಕಗಳನ್ನು ತಂದು ಬಸ್ಸಿನಲ್ಲೇ ಓದಿ ಮುಗಿಸುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಂಥ ಎರಡು ಪುಸ್ತಕ ತಂದರು. ಒಂದು ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಕಾಯ್ದೆ, ಇನ್ನೊಂದು ಜೀವವೈವಿಧ್ಯದ್ದು. ಹುನಗುಂದದ ಕೋರ್ಟಿಗೂ ಇವಕ್ಕೂ ಏನು ಸಂಬಂಧ ಎಂದು ನಾನು ನಕ್ಕೆ.

"ನಗಬ್ಯಾಡ ತಮ್ಮಾ" ಎಂದರು. "ಹೊಲಕ್ಕ ಮಾಲಕ ಅದಾನ, ಬಾಂವಿಗೆ ಮಾಲಕ ಅದಾನ. ಬೀಜಕ್ಕ ಮಾಲಕ ಯಾರು ಅಂತ ಇಲ್ಲೀತನಕ ಯಾರೂ ಕೇಳಿದ್ದಿಲ್ಲ. ಈಗ ಕೇಳಾಕತ್ತಾರ. ಮನ್ಯಾಗ ಇಟಗೊಂಡಾವ್ರು ಹೇಳಲಿಲ್ಲಂದ್ರ, ಮದಲ ಅರ್ಜಿ ಹಾಕಿದಾಂವ ನಂದು ಅಂತಾನ."

ಅಂಥ ಅರ್ಜಿಯೊಂದು ನಮ್ಮ ಬಾಗಿಲಿಗೇ ಬರುತ್ತದೆಂದು ಅವರಿಗೂ ತಿಳಿದಿರಲಿಲ್ಲ.

ಮರೋಳದ ಆಚೆಗೆ ಒಂದು ಹಳ್ಳಿ. ಅಲ್ಲಿನ ಎರೆಹೊಲಗಳಲ್ಲಿ ಹಾಲಜೋಳ ಎಂಬ ಒಂದು ಜೋಳ ಬೆಳೆಯುತ್ತಾರೆ. ಅದು ರೊಟ್ಟಿಯ ಜೋಳವಲ್ಲ, ಸೀತನಿಯ ಜೋಳ. ಚಳಿಗಾಲದಲ್ಲಿ ಕಾಳು ಹಾಲುಗಟ್ಟಿದಾಗ ತೆನೆ ಮುರಿದು, ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಬಿಸಿಬಿಸಿ ತಿನ್ನುವುದು. ಬೆಲ್ಲ ಬೇಡುವುದಿಲ್ಲ, ಅಷ್ಟು ಸಿಹಿ. ಒಂದು ದಿನ ಆ ಊರಿನ ಗೌಡರು ಬಣ್ಣದ ಬೀಜದ ಚೀಲವೊಂದನ್ನು ತಂದು ಅಕ್ಕಾರ ಟೇಬಲ್ಲಿನ ಮೇಲೆ ಇಟ್ಟರು.

"ನಮ್ಮ ಹಾಲಜೋಳಕ್ಕ ಅಂಗಿ ತೊಡಿಸಿ ಕಂಪನಿಯಾಂವ ಮಾರಾಕತ್ತಾನ್ರಿ. ಅದ ತೆನಿ, ಅದ ರುಚಿ. ಹೆಸರಷ್ಟ ಬ್ಯಾರೆ."

ಅಕ್ಕಾರು ಚೀಲವನ್ನು ತಿರುಗಿಸಿ ಸಣ್ಣ ಅಕ್ಷರ ಓದಿದರು. ತಳಿಯ ನೋಂದಣಿಗೆ ಅರ್ಜಿ ಸಲ್ಲಿಸಿದೆ ಎಂದು ಬರೆದಿತ್ತು. ದಿಲ್ಲಿಯ ತಳಿ ನೋಂದಣಿ ಕಚೇರಿಗೆ ಪತ್ರ ಬರೆದು ಆ ಅರ್ಜಿಯ ಪ್ರಕಟಣೆಯ ಪ್ರತಿ ತರಿಸಿದರು. ಕಂಪನಿ ಆ ಜೋಳವನ್ನು ತನ್ನ ತಜ್ಞರು ಹುಟ್ಟಿಸಿದ ಹೊಸ ತಳಿ ಎಂದಿತ್ತು. ಮೂಲ ಬೀಜ ಎಲ್ಲಿಯದು ಎಂಬ ಕಡೆ ತನ್ನದೇ ಸಂಗ್ರಹದ್ದು ಎಂದು ಹೇಳಿಕೊಂಡಿತ್ತು. ತಕರಾರು ಸಲ್ಲಿಸಲು ಪ್ರಕಟಣೆಯಿಂದ ಮೂರು ತಿಂಗಳು ಗಡುವು. ಅದರಲ್ಲಿ ಒಂದಿಷ್ಟು ಆಗಲೇ ಕಳೆದಿತ್ತು.

"ನಮ್ಮನ್ನ ಬಿತ್ತಬ್ಯಾಡ ಅಂತಾರೇನ್ರಿ?" ಎಂದು ಗೌಡರು ಕೇಳಿದರು.

"ಬಿತ್ತಬಹುದು, ಮನ್ಯಾಗ ಇಟಗೋಬಹುದು, ಮಂದಿಗೆ ಕೊಡಬಹುದು. ಅದನ್ನ ಕಾಯ್ದೆ ಕಸಗೊಂಡಿಲ್ಲ. ಆದ್ರ ಇದನ್ನ ಮಾಡಿದವ್ರು ನೀವು ಅನ್ನೂದು ಹೋಗ್ತೈತಿ. ಅದರಿಂದ ಬರೂ ಲಾಭದಾಗ ನಿಮ್ಮ ಪಾಲೂ ಹೋಗ್ತೈತಿ."

ನಾವಿಬ್ಬರೂ ಊರಿಗೆ ಹೋದೆವು. ಬೀಜ ಇಟ್ಟವರು ಯಾರೆಂದು ಕೇಳಿದಾಗ ಊರವರು ನೀಲವ್ವನ ಮನೆ ತೋರಿಸಿದರು. ನೀಲವ್ವ ಪಂಚಾಯಿತಿ ಸದಸ್ಯೆ, ನಲವತ್ತು ದಾಟಿದ ಗಟ್ಟಿ ಹೆಂಗಸು. ಅಕ್ಕಾರು ಎಂದಿನಂತೆ ಹಿಂದಿನಿಂದ ಕೇಳತೊಡಗಿದರು. ಈ ವರ್ಷದ ಬೀಜ ಹೋದ ವರ್ಷದ್ದು. ಅದಕ್ಕೂ ಹಿಂದೆ? ಅತ್ತೆ ಇಟ್ಟಿದ್ದು. ಅತ್ತೆಗೆ ಎಲ್ಲಿಂದ ಬಂತು?

"ಆಕಿ ತವರಿಂದ ಉಡ್ಯಾಗ ತಂದಿದ್ಲು. ನಮ್ಮಲ್ಲಿ ಮಗಳನ್ನ ಗಂಡನ ಮನಿಗೆ ಕಳಸುವಾಗ ಉಡಿ ತುಂಬೂದ್ರಾಗ ಒಂದು ಬೊಗಸಿ ಹಾಲಜೋಳ ಹಾಕ್ತೇವ್ರಿ. ನಾನೂ ನನ್ನ ಮಗಳಿಗೆ ಹಾಕೀನಿ. ಆಕಿ ಈಗ ಬದಾಮಿ ಕಡೆ ಅದಾಳ. ಅಲ್ಲೂ ಬೆಳೀತಾರ."

ಅಕ್ಕಾರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅವರಿಗೆ ಆಗಲೇ ತಿಳಿದಿತ್ತು, ಇದು ಒಂದು ಊರಿನ ಬೀಜವಲ್ಲ ಎಂದು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. "ಕಂಪನಿಯಾವ್ರ ಕೈಗೆ ಹೆಂಗ ಹೋತು?"

"ನಾನ ಕೊಟ್ಟೇನ್ರಿ" ಎಂದಳು ನೀಲವ್ವ, ಯಾವ ಅಳುಕೂ ಇಲ್ಲದೆ. "ಕೆಲವು ವರ್ಷದ ಹಿಂದ ಇಳಕಲ್ಲಿನ ಬೀಜದ ಅಂಗಡಿ ಸಾವ್ಕಾರು ಒಬ್ಬ ಸಾಹೇಬನ್ನ ಕರಕೊಂಡು ಸೀತನಿ ತಿನ್ನಾಕ ಬಂದಿದ್ರು. ಭಾಳ ಚಲೋ ಐತಿ, ಬೀಜ ಕೊಡ್ರಿ ಅಂದ್ರು. ಕೇಳಿದವ್ರಿಗೆ ಇಲ್ಲ ಅನ್ನಾಕಾಗ್ತೈತೇನು?"

ಯಾವ ಅಂಗಡಿ ಎಂದು ಅಕ್ಕಾರು ಕೇಳಿದರು. ನೀಲವ್ವ ಹೇಳಿದಳು. ಅಕ್ಕಾರು ಪೆನ್ನಿನ ಮುಚ್ಚಳ ಹಾಕಿದರು. ಆ ಅಂಗಡಿ ಅವರ ಅಣ್ಣನದು.

ಅಣ್ಣನೆಂದರೆ ಅವರಿಗೆ ತಂದೆಯೂ ಹೌದು. ತಂದೆ ಬೇಗ ತೀರಿಕೊಂಡಾಗ ಅಣ್ಣ ಶಾಲೆ ಬಿಟ್ಟು ಮಗ್ಗಕ್ಕೆ ಕೂತು ತಂಗಿಯನ್ನು ಓದಿಸಿದ್ದರು. ಮಗ್ಗದಿಂದ ಹೊಟ್ಟೆ ತುಂಬದಂತಾದಾಗ ಬೀಜ, ಗೊಬ್ಬರದ ಅಂಗಡಿ ಹಾಕಿದರು. ಇದೇ ಕಂಪನಿಯ ಏಜೆನ್ಸಿ ಸಿಕ್ಕ ಮೇಲೆ ಚೇತರಿಸಿಕೊಂಡಿದ್ದರು. ಅಕ್ಕಾರು ಇದ್ದದ್ದೂ ಅಣ್ಣನ ಮನೆಯಲ್ಲೇ, ದಿನಾ ಬಸ್ಸಿನಲ್ಲಿ ಹುನಗುಂದಕ್ಕೆ ಬಂದು ಹೋಗುತ್ತಿದ್ದರು.

ಆ ಸಂಜೆ ನನ್ನನ್ನೂ ಇಳಕಲ್ಲಿಗೆ ಕರೆದುಕೊಂಡು ಹೋದರು. ಒಬ್ಬರೇ ಹೋಗಲು ಹೆದರಿದರೆಂದು ಈಗ ಅನಿಸುತ್ತದೆ. ಅಣ್ಣನವರು ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆಯುತ್ತಿದ್ದರು. ಅಕ್ಕಾರು ಸುತ್ತುಬಳಸಲಿಲ್ಲ.

"ಅಣ್ಣಾ, ಆ ಹಾಲಜೋಳದ ಬೀಜ ಕಂಪನಿ ಸಾಹೇಬಗ ಕೊಡಿಸಿದಾಂವ ನೀನ ಏನು?"

"ಹೂಂ. ಅದರಾಗ ಏನೈತಿ? ಆ ಹೆಣಮಗಳು ಖುಷಿಲೇ ಕೊಟ್ಲು."

"ಆಕಿ ಕೊಟ್ಟದ್ದು ತಿನ್ನಾಕ, ಬಿತ್ತಾಕ. ನಾವ ಹುಟ್ಟಿಸೀವಿ ಅಂತ ಬರಕೊಳ್ಳಾಕ ಅಲ್ಲ. ಈಗ ಅವರು ಬರಕೊಂಡಾರ. ನಾ ತಕರಾರು ಹಾಕಾಕತ್ತೀನಿ."

ಅಣ್ಣನವರು ಟವೆಲು ಹೆಗಲಿಗೆ ಹಾಕಿಕೊಂಡು ನಿಂತರು. "ಅದರಾಗ ನನ್ನ ಹೆಸರು ಬರೀತೀಯೇನು?"

"ಬೀಜ ಹೆಂಗ ಹೋತು ಅನ್ನೂದ ಕೇಸು. ನಿನ್ನ ಹೆಸರು ಬಿಟ್ರ ಅದು ಸುಳ್ಳಾಗ್ತೈತಿ."

"ನನ್ನ ಏಜೆನ್ಸಿ ಹೋಗ್ತೈತಿ."

"ಹೋಗಬಹುದು."

"ನಾ ಮಗ್ಗಕ್ಕ ಕುಂತಿದ್ದಕ್ಕ ನೀ ಸಾಲಿಗೆ ಹೋದಿ, ತಂಗಿ. ನೆನಪೈತೇನು?"

"ಐತಿ" ಎಂದರು ಅಕ್ಕಾರು. ಅತ್ತಿಗೆ ಒಳಗೆ ತಾಟು ಹಾಕಿದ್ದರು. ಯಾರೂ ಊಟಕ್ಕೆ ಕೂಡಲಿಲ್ಲ. ಮರುವಾರ ಅಕ್ಕಾರು ಹುನಗುಂದದಲ್ಲೊಂದು ಬಾಡಿಗೆ ಕೋಣೆ ಹಿಡಿದರು. ಅಣ್ಣ ಹೊರಗೆ ಹಾಕಿರಲಿಲ್ಲ. "ಅವನ ಅನ್ನ ಉಂಡು ಅವನ ವಿರುದ್ಧ ಬರೆಯಾಕ ಕೈ ಬರಂಗಿಲ್ಲ ತಮ್ಮಾ" ಎಂದಷ್ಟೇ ನನಗೆ ಹೇಳಿದರು.

ಆಮೇಲಿನ ಪೆಟ್ಟು ಊರಿನ ಕಡೆಯಿಂದಲೇ ಬಿತ್ತು. ಅಕ್ಕಾರು ತಕರಾರಿನ ಕರಡಿನಲ್ಲಿ ನೀಲವ್ವನ ಊರಿನ ಜೊತೆಗೆ ಬೀಜ ಹೋಗಿ ಬಂದ ಇನ್ನೂ ಮೂರು ಊರುಗಳ ಹೆಸರು ಸೇರಿಸಿದ್ದರು. ಗೌಡರು ಅದನ್ನು ಓದಿಸಿ ಕೇಳಿ ಸಿಟ್ಟಾದರು.

"ಓಡಾಡಿದಾವ್ರು ನಾವು, ಪಾಲು ಅವರಿಗೆ ಯಾಕ್ರಿ? ನಮ್ಮೂರೊಂದ ಇರ್ಲಿ."

"ನಿಮ್ಮೂರಿಗೆ ಈ ಬೀಜ ಬ್ಯಾರೆ ಊರಿಂದ ಬಂದೈತಿ ಗೌಡ್ರ. ಅದನ್ನ ಮುಚ್ಚಿಟ್ರ ನಮಗೂ ಕಂಪನಿಗೂ ಫರಕ ಏನು?"

"ನೀವು ನಮ್ಮ ವಕೀಲರೋ, ಆ ಊರಾವ್ರ ವಕೀಲರೋ?"

"ಸುಳ್ಳು ಅಫಿಡವಿಟ್ ಮಾಡೂ ವಕೀಲ ಅಲ್ಲ. ಅಷ್ಟು ಗೊತ್ತೈತಿ."

ಗೌಡರು ವಕಾಲತ್ತು ವಾಪಸು ಕೇಳಿದರು. ಅಕ್ಕಾರು ಅಲ್ಲೇ ಸಹಿ ಮಾಡಿ, ಕಾಗದಗಳನ್ನೆಲ್ಲ ಹೊಂದಿಸಿ ಕೊಟ್ಟುಬಿಟ್ಟರು. ಮನೆ ಬಿಟ್ಟಿದ್ದಾಯಿತು, ಕೇಸೂ ಹೋಯಿತು. ಮರುದಿನ ಅವರು ಆಫೀಸಿನಲ್ಲಿ ಯಾರದೋ ಬದುವಿನ ಜಗಳದ ಫೈಲು ತೆರೆದು ಕೂತಿದ್ದರು. ಬಹಳ ಹೊತ್ತು ಹಾಳೆ ಮಗುಚಲೇ ಇಲ್ಲ. ನಾನು ಏನೋ ಸಮಾಧಾನ ಹೇಳಲು ಹೋದೆ. "ಚಹಾ ಹೇಳು" ಎಂದರು.

ಗೌಡರು ಬೇರೆ ವಕೀಲರನ್ನು ಹುಡುಕಿದರು. ದಿಲ್ಲಿಯ ವ್ಯವಹಾರ, ಕೇಳರಿಯದ ಕಾಯ್ದೆ ಎಂದು ಯಾರೂ ಮುಟ್ಟಲಿಲ್ಲ. ಗಡುವು ಹತ್ತಿರ ಬಂತು. ಒಂದು ಮುಂಜಾನೆ ನಾನು ಆಫೀಸಿನ ಬೀಗ ತೆಗೆಯಲು ಹೋದರೆ ಕಟ್ಟೆಯ ತುಂಬ ಹೆಂಗಸರು. ನೀಲವ್ವ, ಬದಾಮಿ ಕಡೆಯಿಂದ ಬಂದ ಅವಳ ಮಗಳು, ಅವಳ ನಾದಿನಿ, ಅತ್ತೆಯ ತವರಿನ ಸೊಸೆಯಂದಿರು. ಬೇರೆ ಬೇರೆ ಬಸ್ಸು ಹಿಡಿದು ಬಂದಿದ್ದರು. ರೊಟ್ಟಿ ಕಟ್ಟಿಕೊಂಡು ಬಂದಿದ್ದರು.

ಅಕ್ಕಾರು ಬಂದಾಗ ನೀಲವ್ವ ಎದ್ದು ನಿಂತಳು. "ಬೀಜ ನಾವು ಇಟ್ಟೇವಿ, ನಾವು ಕೊಟ್ಟೇವಿ. ಗಂಡಸರು ಬ್ಯಾಡ ಅಂದ್ರ ಬಿಡ್ಲಿ. ವಕಾಲತ್ತು ನಾವು ಕೊಡ್ತೇವ್ರಿ. ಎಲ್ಲಿ ಒತ್ತಬೇಕು ಹೆಬ್ಬಟ್ಟು, ತೋರಸ್ರಿ."

"ಗೌಡ್ರು ಏನಂದ್ರು?"

"ಅವರ ಹೇಣತಿನೂ ಬಂದಾಳ ನೋಡ್ರಿ" ಎಂದು ನೀಲವ್ವ ಹಿಂದೆ ಕೈ ತೋರಿಸಿದಳು. ಮೂಲೆಯಲ್ಲಿ ಕೂತಿದ್ದ ಗೌಡಶಾನಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅಕ್ಕಾರೂ ನಕ್ಕರು. ಎಷ್ಟೋ ದಿನಗಳ ಮೇಲೆ ಅವರ ನಗು ಕಂಡೆ.

ಇಡೀ ದಿನ ಹೇಳಿಕೆ ಬರೆದುಕೊಂಡೆವು. ಯಾರ ಉಡಿಯಲ್ಲಿ ಯಾವ ಊರಿಗೆ ಬೀಜ ಹೋಯಿತು, ಅಲ್ಲಿಂದ ಯಾರ ಉಡಿಯಲ್ಲಿ ಮುಂದೆ ಹೋಯಿತು. ನಾನು ನೋಡಿದ ವಾರಸಾ ಪಟ್ಟಿಗಳಲ್ಲೆಲ್ಲ ಗಂಡಸರ ಹೆಸರೇ ಇರುತ್ತಿದ್ದವು. ಇದರಲ್ಲಿ ಒಂದೂ ಇರಲಿಲ್ಲ. ಆದರೂ ಒಂದು ಕೊರತೆ ಉಳಿದಿತ್ತು. ಕಂಪನಿಯ ಮನುಷ್ಯ ಬಂದು ಬೀಜ ಒಯ್ದ ಎಂಬುದಕ್ಕೆ ನೀಲವ್ವನ ಮಾತೊಂದೇ ಆಧಾರ. ಆಕೆ ಹಕ್ಕು ಕೇಳುವವಳು. ಲಾಭಕ್ಕೆಂದೇ ಹೇಳುತ್ತಾಳೆ ಎಂದು ಕಂಪನಿ ವಾದಿಸಬಹುದು.

ಕಾಗದ ಅಂಚೆಗೆ ಹಾಕಬೇಕಾದ ದಿನದ ಹಿಂದಿನ ಮಧ್ಯಾಹ್ನ ಅಣ್ಣನವರು ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಕಕ್ಷಿದಾರರ ಬೆಂಚಿನ ಮೇಲೆ ಕೂತರು.

"ಹಿಂದಿನಿಂದ ಹೇಳ್ಬೇಕೇನು, ಮುಂದಿನಿಂದ ಹೇಳ್ಬೇಕೇನು?" ಎಂದು ಕೇಳಿದರು.

ಅಕ್ಕಾರು ಎದ್ದರು. "ತಮ್ಮಾ, ನೀ ಬರಕೋ. ತಂಗಿ ಬರಕೊಂಡ್ಲು ಅಂತ ನಾಳೆ ಯಾರೂ ಅನ್ನಬಾರದು" ಎಂದು ಹೊರಗೆ ಹೋಗಿ ಬಿಸಿಲಲ್ಲಿ ನಿಂತರು.

ಅಣ್ಣನವರು ಹಿಂದಿನಿಂದಲೇ ಹೇಳಿದರು. ನಿನ್ನೆ ತಕರಾರಿನ ಸುದ್ದಿ ಹಿಡಿದು ಕಂಪನಿಯ ಅದೇ ಸಾಹೇಬ ಅಂಗಡಿಗೆ ಬಂದಿದ್ದ. ಒಂದು ಕಾಗದ ಬರೆದುಕೊಂಡೇ ತಂದಿದ್ದ. ಅಣ್ಣನವರು ಈ ಸಾಹೇಬನನ್ನು ಆ ಊರಿಗೆ ಕರೆದುಕೊಂಡು ಹೋಗಿಯೇ ಇಲ್ಲವೆಂದು ಅದರಲ್ಲಿತ್ತು. ಸಹಿ ಮಾಡಿದರೆ ಇನ್ನೆರಡು ತಾಲೂಕಿನ ಏಜೆನ್ಸಿಯೂ ನಿಮ್ಮದೇ ಎಂದ.

"ಆ ದಿನ ಹೊಲದಾಗ ಅವನ ಕಾಲಿಗೆ ಮುಳ್ಳು ಚುಚ್ಚಿತ್ತು. ನಾನ ಕುಂದ್ರಿಸಿ ತಗದೀನಿ. ನೀಲವ್ವ ಅರಿಷಿಣ ಹಚ್ಚಿದ್ಲು. ಈಗ ನನ್ನ ಮಾರಿ ನೋಡ್ಕೊಂತ, ನಾ ಆ ಊರಿಗೆ ಬಂದ ಇಲ್ಲ ಅಂತ ಸಹಿ ಮಾಡ್ರಿ ಅಂತಾನ. ತಂಗಿ ಮ್ಯಾಲ ಸಿಟ್ಟು ನನಗ ಇನ್ನೂ ಐತಿ. ಅದು ಬ್ಯಾರೆ ಮಾತು. ಇದನ್ನ ಬರಕೋ."

ನೋಟರಿಯವರ ಮುಂದೆ ಸಹಿ ಮಾಡಿ ಹೊರಬಂದಾಗ ಅಣ್ಣ ತಂಗಿ ಎದುರುಬದುರಾದರು. ಅಕ್ಕಾರು, "ಊಟ ಆಗೇತೇನು?" ಎಂದರು. ಅಣ್ಣನವರು ಹೂಂ ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆಗಿರಲಿಲ್ಲವೆಂದು ನನಗೆ ಗೊತ್ತಿತ್ತು; ಅಕ್ಕಾರಿಗೂ ಗೊತ್ತಿತ್ತು.

ಏಜೆನ್ಸಿ ಹೋಯಿತು. ಕೇಸು ಎಳೆದಾಡಿತು. ಆದರೆ ಅಣ್ಣನ ಹೇಳಿಕೆಯ ಎದುರು ಕಂಪನಿಯ ವಕೀಲರಿಗೆ ಹೆಚ್ಚು ಜಾಗ ಉಳಿದಿರಲಿಲ್ಲ. ವಿಚಾರಣೆ ಪೂರ್ತಿಯಾಗುವ ಮೊದಲೇ ರಾಜಿಗೆ ಬಂದರು. ಹೊಸ ತಳಿಯೆಂಬ ಅರ್ಜಿ ವಾಪಸಾಯಿತು. ಹಾಲಜೋಳ ನಾಲ್ಕು ಊರಿನ ರೈತರ ತಳಿಯೆಂದು ಒಪ್ಪಿಕೊಂಡರು. ಮಾರುವುದಾದರೆ ಅದೇ ಹೆಸರಲ್ಲಿ ಮಾರಬೇಕು, ಚೀಲದ ಮೇಲೆ ನಾಲ್ಕೂ ಊರಿನ ಹೆಸರಿರಬೇಕು, ಮಾರಾಟದಲ್ಲೊಂದು ಪಾಲು ಬೀಜ ಕಾಯುವ ಹೆಂಗಸರ ಸಂಘಕ್ಕೆ ಬರಬೇಕು ಎಂದು ಕರಾರಾಯಿತು. ಬಾಗಲಕೋಟೆಯ ನವನಗರದಲ್ಲಿ ಸಹಿ ಹಾಕುವ ದಿನ ಗೌಡರು ಇಸ್ತ್ರಿ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. "ನಾನ ಮದಲ ಚೀಲ ತಂದಾಂವ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅಕ್ಕಾರು ತಡೆಯಲಿಲ್ಲ. "ಹೌದು, ಅವರ ತಂದಿದ್ದು" ಎಂದು ತಾವೂ ಸೇರಿಸಿದರು.

ಆ ಪಾಲು ದೊಡ್ಡದೇನೂ ಆಗಲಿಲ್ಲವೆಂದು ಹೇಳಿಬಿಡಬೇಕು. ಕಂಪನಿ ಕೆಲವು ವರ್ಷ ಮಾರಿ, ಲಾಭವಿಲ್ಲವೆಂದು ಬಿಟ್ಟಿತು. ಹೆಂಗಸರು ಬಿಡಲಿಲ್ಲ. ಅಣ್ಣನವರು ಅಂಗಡಿಯಲ್ಲಿ ಹಗ್ಗ, ಗೋಣಿಚೀಲ, ನೇಗಿಲ ಕುಡ, ಕುಂಟೆ ಮಾರತೊಡಗಿದರು. ಅಕ್ಕಾರು ಪ್ರತಿ ಭಾನುವಾರ ಇಳಕಲ್ಲಿಗೆ ಹೋಗತೊಡಗಿದರು. ಮೊದಲು ಅತ್ತಿಗೆಯೊಡನೆ ಮಾತಾಡಿ ಬರುವರು. ಒಂದು ಭಾನುವಾರ ರಾತ್ರಿ ಅಲ್ಲೇ ಉಳಿದರು. ಸೋಮವಾರ ಆಫೀಸಿಗೆ ತಡವಾಗಿ ಬಂದದ್ದು ಅದೊಂದೇ ಸಲ. ನಾನು ಕಾರಣ ಕೇಳಲಿಲ್ಲ.

ಕರಾರಾದ ವರ್ಷದ ಚಳಿಗಾಲದಲ್ಲಿ ನೀಲವ್ವ ನಮ್ಮನ್ನು ಸೀತನಿಗೆ ಕರೆದಳು. ಹೊಲದಲ್ಲಿ ಕುಳ್ಳಿನ ಹೊಗೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಕ್ಕಾರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಅಂಗೈ ಕಪ್ಪಾಗುವಂತೆ ತೆನೆ ತಿಕ್ಕಿ ತಿಂದರು. ಹೊರಡುವಾಗ ಹೆಂಗಸರು ಅವರನ್ನು ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂಡಿಸಿದರು. ನೀಲವ್ವ ಮೊರ ಹಿಡಿದು ಬಂದಳು. ಅದರಲ್ಲಿ ಕುಪ್ಪಸದ ಖಣ, ತೆಂಗಿನಕಾಯಿ, ಹಾಲಜೋಳ.

ಅಕ್ಕಾರು ಗಡಬಡಿಸಿ ಎದ್ದರು. ಉಡಿ ತುಂಬುವುದು ಮುತ್ತೈದೆಯರಿಗೆ. ಅರಿಷಿಣ ಕುಂಕುಮದ ಮನೆಗಳಲ್ಲಿ ಅವರು ಅದಕ್ಕೆ ಮೊದಲೇ ಚೀಲ ಎತ್ತಿಕೊಂಡು ಹೊರಟುಬಿಡುತ್ತಿದ್ದುದನ್ನು ನಾನು ನೋಡಿದ್ದೆ.

"ಇದು ನನಗ ಬರಂಗಿಲ್ಲ ನೀಲವ್ವ. ಮತ್ತ ನನಗ ಹೊಲನೂ ಇಲ್ಲ. ಬೀಜ ತಗೊಂಡು ಏನ ಮಾಡ್ಲಿ?"

"ಹೊಲ ನೋಡಿ ಕೊಡಂಗಿಲ್ರಿ, ಮಗಳನ್ನ ನೋಡಿ ಕೊಡ್ತೇವಿ. ಸೆರಗ ಹಿಡೀರಿ" ಎಂದಳು ನೀಲವ್ವ.

ಕೋರ್ಟಿನಲ್ಲಿ ಯಾರಿಗೂ ಮಾತು ಬಿಟ್ಟುಕೊಡದವರು ಸುಮ್ಮನೆ ಕೂತು ಸೆರಗು ಹಿಡಿದರು. ಒಬ್ಬೊಬ್ಬರಾಗಿ ಬಂದು ಬೊಗಸೆಯಲ್ಲಿ ಹಾಕಿದರು. ಗೌಡಶಾನಿಯೂ ಹಾಕಿದರು.

ಸಂಜೆಯ ಬಸ್ಸಿನಲ್ಲಿ ಜನ ತುಂಬಿದ್ದರು. ಯಾರೋ ಎದ್ದು ಅಕ್ಕಾರಿಗೆ ಸೀಟು ಕೊಟ್ಟರು. ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಮಡಿಲಿಗೆ ಒತ್ತಿಕೊಂಡು ಕೂತರು. ಕಂಡಕ್ಟರು ಹೊಸಬ, ಅವರನ್ನು ಅರಿಯದವನು. ಟಿಕೇಟು ಹರಿಯುತ್ತ ಉಡಿ ನೋಡಿದ.

"ತವರಿಗೆ ಹೋಗಿದ್ರೇನ್ರಿ ಅಕ್ಕಾ?"

ಕಕ್ಷಿದಾರ ಸೋಮವಾರದ ಬದಲು ಮಂಗಳವಾರ ಎಂದರೂ ತಡೆದು ತಿದ್ದುತ್ತಿದ್ದವರು ಅವರು. ಈಗ ತಿದ್ದುತ್ತಾರೆಂದು ನಾನು ಕಾದೆ.

"ಹೂಂನಪಾ" ಎಂದರು ಅಕ್ಕಾರು. "ಹುನಗುಂದಕ್ಕ ಎರಡು ಕೊಡು."